ಬೆಂಕಿ, ಹೊಗೆ ಮತ್ತು ಕಟ್ಟಡದ ಕಟ್ಟಳೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟರಂತೆ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಹೆಂಚಿನ ಮನೆ, ಮುಂದೆ ಅಂಗಳ, ಹಿತ್ತಿಲಲ್ಲಿ ಬಾವಿ ಇದ್ದ ಕಾಲದಲ್ಲಿ ಹುಟ್ಟಿದ ಮಾತು ಅದು. ಅಂದು ಬೆಂಕಿ ಬಿದ್ದರೆ ಮನೆಮಂದಿ ಅಂಗಳಕ್ಕೆ ಓಡಿ ಬರುತ್ತಿದ್ದರು. ನೆರೆಹೊರೆಯವರು ಕೊಡ ಹಿಡಿದು ಧಾವಿಸುತ್ತಿದ್ದರು. ಸೊತ್ತು ಸುಟ್ಟರೂ ಜೀವ ಉಳಿಯುವ ಸಂಭವ ಹೆಚ್ಚಾಗಿತ್ತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿದ ಕನ್ನಡಿಗನ ಸ್ಥಿತಿ ಬೇರೆ. ಹನ್ನೆರಡನೆಯ ಮಹಡಿಯ ಮನೆಗೆ ಅಂಗಳವಿಲ್ಲ, ಬಾವಿಯಿಲ್ಲ. ಅಲ್ಲಿಂದ ನೆಲಕ್ಕಿಳಿಯಲು ಇರುವುದು ಮೆಟ್ಟಿಲ ದಾರಿಯೊಂದೇ. ಆ ದಾರಿ ಎಷ್ಟು ಅಗಲವಿರಬೇಕು, ಅದರ ಬಾಗಿಲು ಯಾವ ಕಡೆಗೆ ತೆರೆಯಬೇಕು, ಅಲ್ಲಿಗೆ ಹೊಗೆ ನುಗ್ಗದಂತೆ ಏನು ಮಾಡಬೇಕು ಎಂಬುದನ್ನೆಲ್ಲ ಯಾರೋ ಎಂದೋ ಯೋಚಿಸಿ ಬರೆದಿಟ್ಟಿದ್ದಾರೆ. ಅದೇ ಅಗ್ನಿಸುರಕ್ಷತೆಯ ಕಟ್ಟಳೆ. ನಗರವಾಸಿಯ ಬಾವಿ ಈ ಕಟ್ಟಳೆಯೇ ಎಂದರೆ ತಪ್ಪಾಗದು. ಅದನ್ನು ಬೆಂಕಿ ಬೀಳುವ ಮೊದಲೇ ತೋಡಿಡಬೇಕು. ತೋಡಿದ ಮೇಲೆ ಹೂಳು ತುಂಬದಂತೆ ನೋಡಿಕೊಳ್ಳಬೇಕು.

ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸಪ್ತಾಹ ಆಚರಿಸಲಾಗುತ್ತದೆ. ಆ ದಿನಾಂಕಕ್ಕೂ ಮುಂಬಯಿಗೂ ನೇರ ಸಂಬಂಧವಿದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟೈಕಿನ್’ ಎಂಬ ಹಡಗಿಗೆ ಬೆಂಕಿ ತಗಲಿತು. ಹತ್ತಿಯ ಅಂಡಿಗೆಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೇರಿದ್ದ ಆ ಹಡಗು ಸಿಡಿದಾಗ, ಬೆಂಕಿಯನ್ನಾರಿಸಲು ಹೋಗಿದ್ದ ನಗರದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಸೇರಬಾರದ ವಸ್ತುಗಳು ಒಂದೆಡೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಆ ದಿನ ಒಂದು ಕಠೋರ ಪಾಠ. ಬಹುಮಟ್ಟಿಗೆ ಕಟ್ಟಳೆಗಳು ಹುಟ್ಟುವುದು ಇಂತಹ ಪಾಠಗಳಿಂದಲೇ.

ಕೊಲ್ಲುವುದು ಜ್ವಾಲೆಯಲ್ಲ, ಹೊಗೆ

ಬೆಂಕಿಯ ಅನಾಹುತವೆಂದರೆ ಸುಟ್ಟು ಸಾಯುವುದು ಎಂಬ ಭಾವನೆ ಸಾಮಾನ್ಯ. ವೈದ್ಯಕೀಯ ಅನುಭವ ಬೇರೆಯದನ್ನೇ ಹೇಳುತ್ತದೆ. ಕಟ್ಟಡದೊಳಗಣ ಬೆಂಕಿಯಲ್ಲಿ ಬಹಳಷ್ಟು ಜನ ಜ್ವಾಲೆ ತಮ್ಮನ್ನು ಮುಟ್ಟುವ ಮೊದಲೇ ಉಸಿರುಗಟ್ಟಿ ಸಾಯುತ್ತಾರೆ.

ಗಾಳಿ ಸಾಲದೆ ಅರೆಬರೆ ಉರಿಯುವ ವಸ್ತುವಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಲದಿಂದ ಇದು ಅಂಟಿಕೊಳ್ಳುತ್ತದೆ. ಹೀಗಾಗಿ ಎದೆ ಏರಿಳಿಯುತ್ತಿದ್ದರೂ ಮಿದುಳಿಗೆ ಆಮ್ಲಜನಕ ತಲಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು. ಬಳಿಕ ಬುದ್ಧಿಗೆ ಮಂಕು. ಆಮೇಲೆ ಕಾಲುಗಳಲ್ಲಿ ಶಕ್ತಿಯಿಲ್ಲ. ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿದ್ದರೂ ಮನುಷ್ಯ ಅಲ್ಲಿಗೆ ನಡೆಯಲಾರ. ಸೋಫಾ, ಹಾಸಿಗೆಗಳಲ್ಲಿರುವ ಫೋಮ್ ಉರಿದಾಗ ಇದರೊಡನೆ ಸಯನೈಡ್ ಜಾತಿಯ ವಿಷಾನಿಲವೂ ಬೆರೆಯುತ್ತದೆ. ಹಿಂದಿನ ಮನೆಯ ಮರ, ಹತ್ತಿಯ ಹಾಸಿಗೆಗಳ ಹೊಗೆಗಿಂತ ಇಂದಿನ ಮನೆಯ ಹೊಗೆ ಹೆಚ್ಚು ಘಾತಕವಾಗಿರುವುದು ಈ ಕಾರಣದಿಂದ.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತರು. ಬೆಂಕಿ ಹುಟ್ಟಿದ್ದು ಕೆಳಗಿನ ವಾಹನ ನಿಲುಗಡೆಯ ಜಾಗದಲ್ಲಿದ್ದ ವಿದ್ಯುತ್ ಟ್ರಾನ್ಸ್‌ಫಾರ್ಮರಿನಿಂದ. ಜನ ಸತ್ತದ್ದು ಮೇಲಿನ ಬಾಲ್ಕನಿಯಲ್ಲಿ. ಅವರನ್ನು ಕೊಂದದ್ದು ಬೆಂಕಿಯಲ್ಲ, ಮೇಲೇರಿದ ಹೊಗೆ. ಬಾಲ್ಕನಿಯ ಬಲಬದಿಯಲ್ಲಿ ಹೆಚ್ಚಿನ ಆಸನಗಳನ್ನು ಹಾಕಲು ಓಡಾಟದ ದಾರಿಯೊಂದನ್ನು ಮುಚ್ಚಲಾಗಿತ್ತು. ನಕ್ಷೆಯಲ್ಲಿದ್ದ ದಾರಿ ನೆಲದ ಮೇಲೆ ಇರಲಿಲ್ಲ. ಕೆಲವು ಟಿಕೆಟ್ಟುಗಳ ಆದಾಯಕ್ಕಾಗಿ ಕಿರಿದಾದ ದಾರಿ ಕುಟುಂಬ ಕುಟುಂಬಗಳನ್ನೇ ಬಲಿತೆಗೆದುಕೊಂಡಿತು.

ಆದ್ದರಿಂದ ಅಗ್ನಿಸುರಕ್ಷತೆಯ ಕಟ್ಟಳೆಯನ್ನು ಕೇವಲ ಎಂಜಿನಿಯರರ ವಿಷಯವೆಂದು ತಿಳಿಯಬಾರದು. ಕುಡಿಯುವ ನೀರಿನ ಶುದ್ಧಿಯಂತೆ, ಮಕ್ಕಳ ಲಸಿಕೆಯಂತೆ ಅದೂ ಜನರ ಆರೋಗ್ಯಕ್ಕೆ ಸಂಬಂಧಪಟ್ಟದ್ದು. ಅದರ ಮೂಲ ಉದ್ದೇಶ ಮನುಷ್ಯನಿಗೆ ಕೆಲವು ನಿಮಿಷಗಳ ಶುದ್ಧ ಗಾಳಿಯನ್ನೂ ಒಂದು ತೆರೆದ ದಾರಿಯನ್ನೂ ಕಾದಿಡುವುದು.

ಕಟ್ಟಳೆ ಬರುವುದು ಎಲ್ಲಿಂದ?

ಒಬ್ಬ ಕನ್ನಡಿಗ ಬೆಂಗಳೂರಿನಿಂದ ಮುಂಬಯಿಗೆ, ಅಲ್ಲಿಂದ ದೆಹಲಿಗೆ ವರ್ಗವಾಗಿ ಹೋದರೆ ಮೂರೂ ಕಡೆ ನಿಯಮಗಳು ಬೇರೆ ಬೇರೆಯಾಗಿ ಕಾಣುತ್ತವೆ. ಇದಕ್ಕೆ ಕಾರಣ ನಮ್ಮ ರಾಜ್ಯಾಂಗದ ವ್ಯವಸ್ಥೆ. ಅಗ್ನಿಶಾಮಕ ಸೇವೆ ರಾಜ್ಯಗಳ ಹೊಣೆ. 1992ರ 74ನೆಯ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿ ಇದನ್ನೂ, ಕಟ್ಟಡ ನಿರ್ಮಾಣದ ನಿಯಂತ್ರಣವನ್ನೂ ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿಟ್ಟಿದೆ. ಆದ್ದರಿಂದಲೇ ಮುಂಬಯಿಯ ಅಗ್ನಿಶಾಮಕ ದಳ ಮಹಾನಗರಪಾಲಿಕೆಯ ಅಂಗವಾಗಿದ್ದರೆ, ಕರ್ನಾಟಕ ಮತ್ತು ತಮಿಳುನಾಡುಗಳಲ್ಲಿ ಅದು ರಾಜ್ಯ ಸರ್ಕಾರದ ಇಲಾಖೆ. ದೆಹಲಿಯಲ್ಲಿ ನಗರಪಾಲಿಕೆಯ ಕೈಯಲ್ಲಿದ್ದದ್ದು 1994ರಲ್ಲಿ ದೆಹಲಿ ಸರ್ಕಾರಕ್ಕೆ ಸೇರಿತು.

ರಾಜ್ಯಗಳಿಗೆ ಮೇಲ್ಪಂಕ್ತಿಯಾಗಲೆಂದು ಕೇಂದ್ರ ಗೃಹ ಸಚಿವಾಲಯ 1958ರಲ್ಲಿ ಒಂದು ಮಾದರಿ ಮಸೂದೆಯನ್ನು ಕಳುಹಿಸಿಕೊಟ್ಟಿತು; 2019ರಲ್ಲಿ ಹೊಸ ಮಾದರಿಯೊಂದನ್ನು ರೂಪಿಸಿತು. ಕರ್ನಾಟಕ 1964ರಲ್ಲಿ, ತಮಿಳುನಾಡು 1985ರಲ್ಲಿ, ಆಂಧ್ರ ಪ್ರದೇಶ 1999ರಲ್ಲಿ, ಮಹಾರಾಷ್ಟ್ರ 2006ರಲ್ಲಿ, ದೆಹಲಿ 2007ರಲ್ಲಿ ತಂತಮ್ಮ ಕಾಯಿದೆಗಳನ್ನು ಮಾಡಿದವು.

ಇವೆಲ್ಲದರ ಹಿಂದೆ ತಾಂತ್ರಿಕ ಆಧಾರವಾಗಿ ನಿಂತಿರುವುದು ರಾಷ್ಟ್ರೀಯ ಕಟ್ಟಡ ಸಂಹಿತೆ. 1970ರಲ್ಲಿ ಮೊದಲು ಪ್ರಕಟವಾದ ಈ ಬೃಹತ್ ಗ್ರಂಥ 1983, 2005 ಮತ್ತು 2016ರಲ್ಲಿ ಪರಿಷ್ಕೃತವಾಯಿತು. ಅದರ ನಾಲ್ಕನೆಯ ಭಾಗ ಅಗ್ನಿ ಮತ್ತು ಜೀವರಕ್ಷೆಗೆ ಮೀಸಲು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಂಹಿತೆ ತಾನಾಗಿಯೇ ಕಾನೂನಲ್ಲ. ಅದು ತಜ್ಞರ ಶಿಫಾರಸು. ರಾಜ್ಯದ ಕಾಯಿದೆಯೋ ನಗರಪಾಲಿಕೆಯ ಉಪವಿಧಿಯೋ ಅದನ್ನು ತನ್ನದಾಗಿಸಿಕೊಂಡಾಗ ಮಾತ್ರ ಅದಕ್ಕೆ ಕಾನೂನಿನ ಬಲ ಬರುತ್ತದೆ. ವೈದ್ಯಶಾಸ್ತ್ರದ ಗ್ರಂಥಕ್ಕೂ ವೈದ್ಯರು ಬರೆದುಕೊಟ್ಟ ಚೀಟಿಗೂ ಇರುವಷ್ಟು ಅಂತರ ಇವೆರಡರ ನಡುವೆ ಇದೆ.

ಕಟ್ಟಡದ ಜಾತಕ

ಸಂಹಿತೆ ಮೊದಲು ಕೇಳುವ ಪ್ರಶ್ನೆ: ಈ ಕಟ್ಟಡದಲ್ಲಿ ಯಾರಿರುತ್ತಾರೆ, ಏನು ಮಾಡುತ್ತಾರೆ? ಅದಕ್ಕನುಸಾರವಾಗಿ ಕಟ್ಟಡಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಲಾಗಿದೆ. ವಾಸದ ಮನೆಗಳು, ಶಾಲೆಗಳು, ಆಸ್ಪತ್ರೆ ಮುಂತಾದ ಸಂಸ್ಥೆಗಳು, ಜನ ಸೇರುವ ಸ್ಥಳಗಳು, ಕಚೇರಿಗಳು, ಅಂಗಡಿಗಳು, ಕಾರ್ಖಾನೆಗಳು, ಗೋದಾಮುಗಳು ಮತ್ತು ಅಪಾಯಕರ ವಸ್ತುಗಳ ಕಟ್ಟಡಗಳು ಎಂಬುವೇ ಆ ಒಂಬತ್ತು. ನಿದ್ರಿಸುವವನಿಗೂ ಎಚ್ಚರವಿರುವವನಿಗೂ, ನಡೆಯಬಲ್ಲವನಿಗೂ ಹಾಸಿಗೆ ಹಿಡಿದವನಿಗೂ, ದಾರಿ ಬಲ್ಲ ನಿವಾಸಿಗೂ ಅಂದೇ ಮೊದಲು ಬಂದ ಪ್ರೇಕ್ಷಕನಿಗೂ ಬೇಕಾಗುವ ರಕ್ಷಣೆ ಒಂದೇ ಅಲ್ಲ ಎಂಬುದು ಈ ವಿಂಗಡಣೆಯ ಹಿಂದಿರುವ ವಿವೇಕ.

ಎರಡನೆಯ ಪ್ರಶ್ನೆ ಎತ್ತರದ್ದು. ಸಂಹಿತೆಯ ಪ್ರಕಾರ 15 ಮೀಟರು ಅಥವಾ ಅದಕ್ಕಿಂತ ಎತ್ತರದ ಕಟ್ಟಡ ‘ಬಹುಮಹಡಿ’ ವರ್ಗಕ್ಕೆ ಸೇರುತ್ತದೆ. ಅಗ್ನಿಶಾಮಕ ದಳದ ಸಾಮಾನ್ಯ ಏಣಿ ಮುಟ್ಟುವ ಎತ್ತರಕ್ಕೊಂದು ಮಿತಿಯುಂಟು. ಅದನ್ನು ಮೀರಿದ ಕಟ್ಟಡ ತನ್ನ ರಕ್ಷಣೆಯನ್ನು ತಾನೇ ಹೊತ್ತಿರಬೇಕು. ಮೇಲಕ್ಕೆ ನೀರೊಯ್ಯುವ ದಪ್ಪ ಕೊಳವೆ, ಮಹಡಿಗೊಂದು ಹೋಸ್ ಪೈಪು, ನೆಲದಡಿಯಲ್ಲೂ ತಾರಸಿಯ ಮೇಲೂ ಬೆಂಕಿಗೆಂದೇ ಮೀಸಲಾದ ನೀರು, ಪಂಪು, ಅಗ್ನಿಶಾಮಕರಿಗೆ ಪ್ರತ್ಯೇಕ ಲಿಫ್ಟು, ಎಚ್ಚರಿಕೆಯ ಗಂಟೆ, ತೀರಾ ಎತ್ತರದ ಕಟ್ಟಡಗಳಲ್ಲಿ ನಿರ್ದಿಷ್ಟ ಅಂತರಕ್ಕೊಂದು ಆಶ್ರಯಸ್ಥಾನ ಮೊದಲಾದವುಗಳನ್ನು ಎತ್ತರ, ವಿಸ್ತಾರ ಮತ್ತು ಬಳಕೆಗೆ ತಕ್ಕಂತೆ ನಿಯಮಗಳು ಕೇಳುವುದು ಈ ಕಾರಣಕ್ಕೆ. ಅಗ್ನಿಶಾಮಕ ವಾಹನ ಸುತ್ತಾಡಲೆಂದು ಬಹುಮಹಡಿ ಕಟ್ಟಡದ ಸುತ್ತ 6 ಮೀಟರು ತೆರಪು ಇರಬೇಕೆಂದು ಸಂಹಿತೆ ಹೇಳುತ್ತದೆ. ಇಂದು ಆ ತೆರಪಿನಲ್ಲಿ ಎಷ್ಟು ಕಾರುಗಳು ನಿಂತಿವೆಯೆಂಬುದನ್ನು ಓದುಗರು ತಮ್ಮ ಕಿಟಕಿಯಿಂದಲೇ ಎಣಿಸಬಹುದು.

ಕಟ್ಟಳೆಯ ಉಳಿದೆಲ್ಲ ವಿವರಗಳನ್ನು ಮೂರು ಮಾತಿನಲ್ಲಿ ಸಂಗ್ರಹಿಸಬಹುದು. ಮೊದಲನೆಯದು, ಬೆಂಕಿ ಹುಟ್ಟದಂತೆ ತಡೆಯುವುದು. ಸರಿಯಾದ ವಿದ್ಯುತ್ ತಂತಿ, ಅನಿಲದ ಸರಿಯಾದ ಜೋಡಣೆ ಇದಕ್ಕೆ ಸೇರುತ್ತವೆ. ಎರಡನೆಯದು, ಹುಟ್ಟಿದ ಬೆಂಕಿಯನ್ನು ಹುಟ್ಟಿದಲ್ಲೇ ಕಟ್ಟಿಹಾಕುವುದು. ನಿಗದಿತ ಕಾಲ ಉರಿ ತಾಳಬಲ್ಲ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ತಂತಿಗಳು ಹಾದುಹೋಗುವ ಕೊಳವೆಯ ಬಾಯಿಯನ್ನು ಮಹಡಿ ಮಹಡಿಗೂ ಮುಚ್ಚುವ ಕ್ರಮ ಇವು ಅದಕ್ಕಾಗಿ. ಮೂರನೆಯದು, ಜನ ಪಾರಾಗುವಂತೆ ಮಾಡುವುದು. ಹೊರಬಾಗಿಲು ಓಡುವ ದಿಕ್ಕಿಗೇ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಿಗೆ ಜನ ಒತ್ತಿ ಬಿದ್ದರೆ ಅದು ತೆರೆಯುವುದೇ ಇಲ್ಲ. ಎತ್ತರ ಮತ್ತು ಜನಸಂಖ್ಯೆ ಹೆಚ್ಚಿದಂತೆ ಒಂದರ ಬದಲು ಎರಡು ಮೆಟ್ಟಿಲ ದಾರಿಗಳು, ಅವೂ ಪರಸ್ಪರ ದೂರದಲ್ಲಿರಬೇಕು. ಒಂದಕ್ಕೆ ಹೊಗೆ ಹೊಕ್ಕರೆ ಇನ್ನೊಂದಾದರೂ ಉಳಿಯಲಿ ಎಂಬುದು ಲೆಕ್ಕಾಚಾರ. ಈ ಮೂರರಲ್ಲಿ ಮೊದಲೆರಡು ಸೋತರೂ ಮೂರನೆಯದು ಸೋಲಬಾರದು.

ಕಾಗದದ ದಾರಿ

ನಿಯಮ ನೆಲಕ್ಕಿಳಿಯುವುದು ಕಾಗದಗಳ ಮೂಲಕ. ಕಟ್ಟುವವನು ನಕ್ಷೆಯನ್ನು ಒಪ್ಪಿಸಿದಾಗ ಅಗ್ನಿಶಾಮಕ ಅಧಿಕಾರಿ ಅದನ್ನು ಪರಿಶೀಲಿಸಿ, ಏನೇನು ಅಳವಡಿಸಬೇಕೆಂದು ಷರತ್ತು ಹಾಕಿ ನಿರಾಕ್ಷೇಪಣಾ ಪತ್ರ ನೀಡುತ್ತಾನೆ. ಕಟ್ಟಡ ಮುಗಿದ ಮೇಲೆ ಆ ಷರತ್ತುಗಳು ನೆರವೇರಿವೆಯೇ ಎಂದು ನೋಡಲಾಗುತ್ತದೆ. ಅದಾದ ಮೇಲೆ ನಗರಪಾಲಿಕೆಯಿಂದ ‘ಓ.ಸಿ.’ ಎಂದು ಎಲ್ಲರೂ ಕರೆಯುವ ವಾಸಯೋಗ್ಯತಾ ಪತ್ರ ದೊರೆಯಬೇಕು. ಓ.ಸಿ. ಇಲ್ಲದ ಕಟ್ಟಡದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಮನೆ ಕೊಳ್ಳುವವರು ಈ ತಪಾಸಣೆಯ ಭರವಸೆಯನ್ನೂ ಬಿಟ್ಟುಕೊಟ್ಟಿರುತ್ತಾರೆ ಎಂಬುದು ನೆನಪಿರಲಿ.

ಬಹುತೇಕ ನಿವಾಸಿಗಳ ಕಲ್ಪನೆ ಇಲ್ಲಿಗೆ ಮುಗಿಯುತ್ತದೆ, ಕಾನೂನು ಮುಗಿಯುವುದಿಲ್ಲ. 2008ರಲ್ಲಿ ಜಾರಿಗೆ ಬಂದ ಮಹಾರಾಷ್ಟ್ರದ ಅಗ್ನಿ ತಡೆ ಮತ್ತು ಜೀವರಕ್ಷಣಾ ಕ್ರಮಗಳ ಕಾಯಿದೆ ಒಂದು ಮುಖ್ಯ ಬದಲಾವಣೆಯನ್ನು ಮಾಡಿತು. ರಕ್ಷಣಾ ಸಾಧನಗಳನ್ನು ಸದಾ ಸುಸ್ಥಿತಿಯಲ್ಲಿಡುವ ಹೊಣೆ ಕಟ್ಟಡದ ಮಾಲೀಕನದು ಅಥವಾ ಅದರಲ್ಲಿರುವವರದು ಎಂದು ಅದು ಸ್ಪಷ್ಟವಾಗಿ ಹೇಳಿತು. ಸಾಧನಗಳನ್ನು ಹೊಸದಾಗಿ ಕೂಡಿಸಿದಾಗ ಪರವಾನಿಗೆ ಪಡೆದ ಸಂಸ್ಥೆ ‘ಎ’ ನಮೂನೆಯ ಪ್ರಮಾಣಪತ್ರ ಕೊಡಬೇಕು. ಅನಂತರ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ, ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತಿವೆಯೆಂಬ ‘ಬಿ’ ನಮೂನೆಯ ಪ್ರಮಾಣಪತ್ರವನ್ನು ಅಗ್ನಿಶಾಮಕ ಅಧಿಕಾರಿಗೆ ಒಪ್ಪಿಸಬೇಕು. ತಪ್ಪಿದವರಿಗೆ ಅಧಿಕಾರಿ ನೋಟೀಸು ನೀಡಬಹುದು; ನೀರು, ವಿದ್ಯುತ್ ಕಡಿತಗೊಳಿಸುವವರೆಗೂ ಹೋಗಬಹುದು. ದೆಹಲಿಯ 2010ರ ನಿಯಮಗಳು ಬೇರೊಂದು ಮಾರ್ಗ ಹಿಡಿದವು. ಅಲ್ಲಿ ಅಗ್ನಿಶಾಮಕ ಇಲಾಖೆಯೇ ಪ್ರಮಾಣಪತ್ರ ನೀಡುತ್ತದೆ. ಆ ನಿಯಮಗಳು ಅದಕ್ಕೆ ವಾಸದ ಕಟ್ಟಡಗಳಲ್ಲಿ ಐದು ವರ್ಷದ, ಹೋಟೆಲು ಮೊದಲಾದ ಇತರ ಕಟ್ಟಡಗಳಲ್ಲಿ ಮೂರು ವರ್ಷದ ಅವಧಿಯನ್ನು ಗೊತ್ತುಪಡಿಸಿದವು.

ಹೌಸಿಂಗ್ ಸೊಸೈಟಿಗಳಲ್ಲಿ ‘ಇರುವವರು’ ಎಂದರೆ ಬೇರಾರೂ ಅಲ್ಲ, ಸದಸ್ಯರೇ. ಬಿಲ್ಡರು ಕಟ್ಟಡವನ್ನು ಹಸ್ತಾಂತರಿಸಿ ಹೋದ ಮೇಲೆ ಪಂಪು ಕೆಟ್ಟರೆ, ಹೋಸ್ ಪೈಪು ಕಳುವಾದರೆ, ತಾರಸಿಯ ಬಾಗಿಲಿಗೆ ಬೀಗ ಬಿದ್ದರೆ ಉತ್ತರ ಹೇಳಬೇಕಾದವರು ಕಾರ್ಯದರ್ಶಿ, ಅಧ್ಯಕ್ಷ ಮತ್ತು ವಾರ್ಷಿಕ ಸಭೆಯಲ್ಲಿ ಖರ್ಚು ಹೆಚ್ಚಾಯಿತೆಂದು ಆಕ್ಷೇಪಿಸುವ ಸದಸ್ಯರು.

ಹೋಟೆಲು ಮತ್ತು ಪೋಟ್‌ಮಾಳಾ

ಮುಂಬಯಿಯ ಕನ್ನಡಿಗರ ಚರಿತ್ರೆಯನ್ನು ಹೋಟೆಲಿನಿಂದ ಬೇರ್ಪಡಿಸಲಾಗದು. ಹಗಲು ಲೋಟ ತೊಳೆದು, ಸಂಜೆ ರಾತ್ರಿಶಾಲೆಗೆ ಹೋಗಿ, ಹೋಟೆಲಿನ ಬೆಂಚಿನ ಮೇಲೋ ಅಟ್ಟದ ಮೇಲೋ ಮಲಗಿ ಬೆಳೆದವರೆಷ್ಟೋ ಮಂದಿ. ಆ ಅಟ್ಟಕ್ಕೆ ಮುಂಬಯಿಯಲ್ಲಿ ಪೋಟ್‌ಮಾಳಾ ಎಂದು ಹೆಸರು. ನಗರದಲ್ಲಿ ಆಸರೆ ಕೊಟ್ಟ ಆ ಜಾಗವೇ ಬೆಂಕಿಯ ಹೊತ್ತಿನಲ್ಲಿ ಬಲೆಯಾಗಬಲ್ಲದು. ಹೊಗೆ ಮೇಲಕ್ಕೇರಿ ಮೊದಲು ತುಂಬುವುದು ಅಟ್ಟವನ್ನೇ; ಇಳಿಯಲು ಇರುವ ಏಣಿ ಅಡುಗೆಮನೆಯ ಮಗ್ಗುಲಲ್ಲೇ ಇರುತ್ತದೆ.

2015ರ ಅಕ್ಟೋಬರ್ 16ರಂದು ಮಧ್ಯಾಹ್ನದ ಊಟದ ವೇಳೆಗೆ ಕುರ್ಲಾದ ಒಂದು ಉಪಾಹಾರ ಗೃಹದಲ್ಲಿ ಬೆಂಕಿ ಹೊತ್ತಿಕೊಂಡಿತು. ಅಟ್ಟದಲ್ಲಿ ಕುಳಿತಿದ್ದ ಎಂಟು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳು. ಸುಮಾರು ಹತ್ತು ವರ್ಷಗಳ ತರುವಾಯ, 2025ರ ಜೂನ್ ತಿಂಗಳಿನಲ್ಲಿ, ನಗರಪಾಲಿಕೆ ತನ್ನ ಶಾಸನಬದ್ಧ ಕರ್ತವ್ಯದಲ್ಲಿ ತಪ್ಪಿತೆಂದು ಮುಂಬಯಿಯ ಉಚ್ಚ ನ್ಯಾಯಾಲಯ ತೀರ್ಮಾನಿಸಿ, ಪ್ರತಿಯೊಂದು ಕುಟುಂಬಕ್ಕೂ 50 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಕಟ್ಟಳೆಯನ್ನು ಪಾಲಿಸದವರಷ್ಟೇ ಅಲ್ಲ, ಪಾಲಿಸುವಂತೆ ನೋಡಿಕೊಳ್ಳದವರೂ ಹೊಣೆಗಾರರು ಎಂಬುದು ಈ ತೀರ್ಪಿನ ತಿರುಳು.

2017ರ ಡಿಸೆಂಬರ್ ತಿಂಗಳು ಮುಂಬಯಿಗೆ ಇನ್ನೂ ಕ್ರೂರವಾಗಿತ್ತು. 18ರ ನಸುಕಿನಲ್ಲಿ ಸಾಕಿನಾಕಾದ ಖೈರಾನಿ ರಸ್ತೆಯ ಫರಸಾಣ್ ಅಂಗಡಿಯೊಂದರಲ್ಲಿ ಬೆಂಕಿ ಬಿದ್ದು, ಅಲ್ಲೇ ಮಲಗಿದ್ದ 12 ಕೆಲಸಗಾರರು ಸತ್ತರು. ಹನ್ನೊಂದು ದಿನಗಳ ಬಳಿಕ, 29ರ ನಡುರಾತ್ರಿಯಲ್ಲಿ, ಕಮಲಾ ಮಿಲ್ಸ್ ಆವರಣದ ತಾರಸಿಯ ಮೇಲಿನ ಭೋಜನಗೃಹಗಳು ಹೊತ್ತಿ ಉರಿದು 14 ಮಂದಿ ಸತ್ತರು. ಅವರಲ್ಲಿ ಅನೇಕರು ಹೊರದಾರಿ ಕಾಣದೆ ಶೌಚಾಲಯವನ್ನು ಹೊಕ್ಕು ಅಲ್ಲಿ ಉಸಿರುಗಟ್ಟಿದವರು. ಒಂದು ಕಡೆ ಸತ್ತವರು ದುಡಿಯಲು ಬಂದ ಬಡವರು. ಇನ್ನೊಂದು ಕಡೆ ಸತ್ತವರು ಸಂತೋಷಕೂಟಕ್ಕೆ ಬಂದ ಅನುಕೂಲಸ್ಥರು. ಹೊಗೆ ಅವರ ನಡುವೆ ಭೇದವೆಣಿಸಲಿಲ್ಲ.

ಹೋಟೆಲು ನಡೆಸುವ ಬಂಧುಗಳು ಗಮನಿಸಬೇಕಾದ ಸಂಗತಿಗಳು ಹಲವು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ಹರಡಿ ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಕೆಳಮಟ್ಟದಲ್ಲಿ ಗಾಳಿಯಾಡುವ ಕಿಂಡಿ ಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ಅದಕ್ಕೆ ಮೇಲ್ಮಟ್ಟದ ಕಿಂಡಿ ಬೇಕು. ಒಲೆಯ ಮೇಲಿನ ಹೊಗೆಕೊಳವೆಯೊಳಗೆ ದಿನದಿನವೂ ಜಿಡ್ಡು ಕಟ್ಟುತ್ತದೆ. ಬಾಣಲೆಯ ಉರಿ ಒಮ್ಮೆ ಅದನ್ನು ಮುಟ್ಟಿದರೆ ಕೊಳವೆಯೇ ಬೆಂಕಿಯ ಹಾದಿಯಾಗುತ್ತದೆ. ಉರಿಯುವ ಎಣ್ಣೆಗೆ ನೀರು ಸುರಿಯಕೂಡದು. ಒಲೆಯನ್ನು ಆರಿಸಿ ಬಾಣಲೆಗೆ ಮುಚ್ಚಳ ಮುಚ್ಚಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೆಲಸದ ಹುಡುಗರನ್ನು ಒಲೆ, ಸಿಲಿಂಡರುಗಳಿರುವ ಕಟ್ಟಡದಲ್ಲಿ ಹೊರಗಿನಿಂದ ಬೀಗ ಹಾಕಿ ಮಲಗಿಸಬಾರದು. ಅವರ ತಂದೆತಾಯಿಗಳು ಧಣಿಗಳನ್ನು ನಂಬಿ ಊರಿನಿಂದ ಕಳುಹಿಸಿರುತ್ತಾರೆ.

ಆಸ್ಪತ್ರೆ, ಕಚೇರಿ, ಸಭಾಂಗಣ

ಬಳಕೆ ಬದಲಾದರೆ ಕಟ್ಟಡದ ಜಾತಕವೂ ಬದಲಾಗುತ್ತದೆ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸುಮಾರು 90 ಮಂದಿ ಸತ್ತರು. ವಾಹನಗಳಿಗೆಂದು ಇದ್ದ ನೆಲಮಾಳಿಗೆಯಲ್ಲಿ ಸುಡುವ ಸಾಮಗ್ರಿಗಳನ್ನು ಕೂಡಿಹಾಕಲಾಗಿತ್ತು. ಅಲ್ಲಿಂದೆದ್ದ ಹೊಗೆ ಮೇಲಿನ ಮಹಡಿಗಳಲ್ಲಿ ಏಳಲಾರದೆ ಮಲಗಿದ್ದ ರೋಗಿಗಳನ್ನು ಮುಟ್ಟಿತು.

ಕರ್ನಾಟಕವೂ ಈ ದುಃಖದಿಂದ ದೂರವಿಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ ಹೊಗೆ ತುಂಬಿ ಒಂಬತ್ತು ಮಂದಿ ಸತ್ತರು. ಹೊಗೆಯನ್ನು ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದರು. ಅದಕ್ಕೂ ಮುಂಚೆ, 1981ರ ಫೆಬ್ರುವರಿ 7ರಂದು, ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗಲಿ 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ವಾರ್ಷಿಕೋತ್ಸವದ ಚಪ್ಪರ ಹೊತ್ತಿ ನಾನೂರಕ್ಕೂ ಹೆಚ್ಚು ಜನ ಬಲಿಯಾದರು.

ವಾರ್ಷಿಕೋತ್ಸವ, ನಾಡಹಬ್ಬ, ಯಕ್ಷಗಾನ, ಗಣೇಶೋತ್ಸವಗಳನ್ನು ಸಂಭ್ರಮದಿಂದ ನಡೆಸುವ ಕನ್ನಡ ಸಂಘಗಳಿಗೆ ಇದರಲ್ಲಿ ನೇರ ಪಾಠವಿದೆ. ತಾತ್ಕಾಲಿಕ ಚಪ್ಪರಕ್ಕೂ ಅನುಮತಿ ಬೇಕು. ಬಟ್ಟೆ, ಬಿದಿರು, ಸೀರಿಯಲ್ ದೀಪಗಳು ಒಂದೆಡೆ ಕೂಡಿದ ಜಾಗದಲ್ಲಿ ಎರಡು ಕಡೆಯಾದರೂ ಅಗಲವಾದ ದಾರಿ ತೆರೆದಿರಬೇಕು. ಸಭಾಂಗಣದ ಪಕ್ಕದ ಬಾಗಿಲುಗಳನ್ನು ‘ಟಿಕೆಟ್ಟಿಲ್ಲದವರು ನುಗ್ಗಿಯಾರು’ ಎಂದು ಬೀಗ ಹಾಕುವ ರೂಢಿಯನ್ನು ಕಾರ್ಯಕಾರಿ ಸಮಿತಿ ಅಂದೇ ಕೈಬಿಡಬೇಕು. ನಡುದಾರಿಯಲ್ಲಿ ಹೆಚ್ಚಿನ ಕುರ್ಚಿ ಹಾಕುವಾಗ ಉಪಹಾರ್ ಬಾಲ್ಕನಿಯನ್ನು ಒಮ್ಮೆ ನೆನೆಯಬೇಕು.

ಸೊಸೈಟಿಯ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಕಾಯಿದೆಯ ಪುಸ್ತಕ ಓದದೆಯೂ ಸಾಮಾನ್ಯ ಸದಸ್ಯನೊಬ್ಬ ಕೆಳಗಿನ ಪ್ರಶ್ನೆಗಳನ್ನು ಕೇಳಬಹುದು.

1. ಕಟ್ಟಡಕ್ಕೆ ಓ.ಸಿ. ಇದೆಯೇ? ಅಗ್ನಿಶಾಮಕ ದಳದ ನಿರಾಕ್ಷೇಪಣಾ ಪತ್ರದ ಷರತ್ತುಗಳನ್ನು ಯಾರಾದರೂ ಓದಿದ್ದಾರೆಯೇ?

2. ಮಹಾರಾಷ್ಟ್ರದಲ್ಲಾದರೆ, ಈ ಜನವರಿ ಅಥವಾ ಜುಲೈ ತಿಂಗಳ ‘ಬಿ’ ನಮೂನೆ ಸಲ್ಲಿಕೆಯಾಗಿದೆಯೇ? ಅದನ್ನು ಕೊಟ್ಟವರು ಪಂಪನ್ನು ನಿಜವಾಗಿ ಓಡಿಸಿ ನೋಡಿದರೇ, ಅಥವಾ ಕಾಗದಕ್ಕೆ ಮೊಹರು ಮಾತ್ರ ಒತ್ತಿದರೇ?

3. ಬೆಂಕಿಗೆಂದು ಮೀಸಲಾದ ತೊಟ್ಟಿಯ ನೀರನ್ನು ಬೇಸಗೆಯಲ್ಲಿ ಬೇರೆ ಬಳಕೆಗೆ ತೆಗೆದುಕೊಳ್ಳಲಾಗುತ್ತಿದೆಯೇ?

4. ಮೆಟ್ಟಿಲ ಮೇಲೆ ಏನಿದೆ? ಚಪ್ಪಲಿ ಸ್ಟ್ಯಾಂಡು, ಸೈಕಲ್ಲು, ಹಳೆಯ ಬೀರು, ಹೂವಿನ ಕುಂಡ ಇವೆಲ್ಲ ಬೆಳಕಿನಲ್ಲಿ ನಿರುಪದ್ರವಿಗಳು. ಹೊಗೆಯ ಕತ್ತಲಲ್ಲಿ ಎಡವಿ ಬೀಳಿಸುವ ವೈರಿಗಳು.

5. ವಿದ್ಯುತ್ ಮೀಟರುಗಳ ಕೋಣೆಯಲ್ಲಿ ರದ್ದಿ ಕಾಗದ ಕೂಡಿಟ್ಟಿದ್ದಾರೆಯೇ?

6. ರಾತ್ರಿ ಪಾಳಿಯ ವಾಚ್‌ಮನ್‌ಗೆ ಹೋಸ್ ಪೈಪು ತೆರೆಯಲು ಬರುತ್ತದೆಯೇ? ತಾರಸಿಯ ಕೀಲಿ ಯಾರ ಬಳಿಯಿದೆ ಎಂಬುದು ಅವನಿಗೆ ಗೊತ್ತಿದೆಯೇ?

7. ಹಾಸಿಗೆ ಹಿಡಿದ ವೃದ್ಧರು, ಒಬ್ಬಂಟಿಗರು ಯಾವ ಯಾವ ಮನೆಯಲ್ಲಿದ್ದಾರೆಂಬ ಪಟ್ಟಿ ಇದೆಯೇ? ಅವರನ್ನು ಇಳಿಸುವವರು ಯಾರು?

ಹಳೆಯ ಚಾಳ್‌ಗಳಲ್ಲಿ ಮರದ ಮೆಟ್ಟಿಲು, ಜೋಲಾಡುವ ತಂತಿಗಳ ನಡುವೆ ಬಾಳುವವರಿಗೆ ಈ ಎಲ್ಲ ಅನುಕೂಲಗಳು ದೊರೆಯಲಾರವು. ಆದರೆ ಓಣಿಯನ್ನು ತೆರವಾಗಿಡುವುದಕ್ಕೂ, ಶಿಥಿಲ ತಂತಿಯನ್ನು ಬದಲಿಸುವುದಕ್ಕೂ, ಮನೆಗೊಂದು ಸೋರಿಕೆ ತಡೆಯುವ ಸ್ವಿಚ್ಚು ಹಾಕಿಸುವುದಕ್ಕೂ ಬಹುಮಹಡಿ ಕಟ್ಟಡವೇ ಬೇಕೆಂದಿಲ್ಲ.

ಬೆಂಕಿ ಬಿದ್ದೇಬಿಟ್ಟರೆ

101 ಅಥವಾ 112ಕ್ಕೆ ಕರೆ ಮಾಡಿ ವಿಳಾಸ, ಮಹಡಿ, ಹತ್ತಿರದ ಗುರುತುಗಳನ್ನು ಸ್ಪಷ್ಟವಾಗಿ ಹೇಳಬೇಕು. ಲಿಫ್ಟನ್ನು ಬಳಸಬಾರದು, ಅದರ ಬಾವಿ ಹೊಗೆಗೆ ಚಿಮಣಿಯಾಗುತ್ತದೆ. ಹೊರಡುವಾಗ ಬಾಗಿಲನ್ನು ಎಳೆದು ಮುಚ್ಚಿಕೊಂಡು ಬರಬೇಕು. ಮುಚ್ಚಿದ ಬಾಗಿಲು ಮೇಲಿನವರಿಗೆ ಹಲವು ನಿಮಿಷಗಳ ಉಸಿರನ್ನು ದಾನ ಮಾಡುತ್ತದೆ. ಹೊಗೆಯಿದ್ದರೆ ಬಗ್ಗಿ, ನೆಲಕ್ಕೆ ಸಮೀಪವಾಗಿ ಸಾಗಬೇಕು. ಮೆಟ್ಟಿಲೇ ಹೊಗೆಯಿಂದ ತುಂಬಿದ್ದರೆ ಮನೆಯೊಳಗೇ ಉಳಿದು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯ ಬಳಿ ನಿಂತು ನೆರವು ಕೂಗಬೇಕು. ಶೌಚಾಲಯದಲ್ಲಿ ಅಡಗಬಾರದು.

ಸುಟ್ಟ ಗಾಯಕ್ಕೆ ಶಾಯಿ, ತುಪ್ಪ, ಅರಿಸಿನ, ಟೂತ್‌ಪೇಸ್ಟು ಯಾವುದೂ ಬೇಡ. ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿದು, ಬಾವು ಏರುವ ಮೊದಲೇ ಬಳೆ, ಉಂಗುರಗಳನ್ನು ತೆಗೆದು, ಶುದ್ಧ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು. ಹೊಗೆ ಕುಡಿದವರು ಮೈಮೇಲೆ ಗಾಯವಿಲ್ಲದಿದ್ದರೂ ವೈದ್ಯರನ್ನು ಕಾಣಲೇಬೇಕು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಯಂತ್ರ ಕಾರ್ಬನ್ ಮಾನಾಕ್ಸೈಡನ್ನು ಗುರುತಿಸದೆ ಆಮ್ಲಜನಕ ಸರಿಯಾಗಿದೆಯೆಂದೇ ತೋರಿಸಬಹುದು. ಶುದ್ಧ ಆಮ್ಲಜನಕ ಕೊಟ್ಟರೆ ರಕ್ತದಲ್ಲಿ ಈ ವಿಷ ಅರ್ಧದಷ್ಟಾಗಲು ಬೇಕಾಗುವ ಕಾಲ ಗಂಟೆಗಟ್ಟಲೆಯಿಂದ ಸುಮಾರು ಒಂದೂವರೆ ಗಂಟೆಯೊಳಕ್ಕೆ ಇಳಿಯುತ್ತದೆ. ಚಿಕಿತ್ಸೆ ಇದೆ, ವೇಳೆ ಮೀರಬಾರದಷ್ಟೆ.

ಮನೆ ಕಟ್ಟಿ ನೋಡು ಎಂದರು ಹಿರಿಯರು. ಮಹಾನಗರದಲ್ಲಿ ಮನೆಯನ್ನು ಕಟ್ಟುವವರು ಬೇರೆ, ಬಾಳುವವರು ಬೇರೆ. ಕಟ್ಟಿದವನ ಪ್ರಾಮಾಣಿಕತೆ, ಅಧಿಕಾರಿಯ ಕರ್ತವ್ಯನಿಷ್ಠೆ ಇವೆರಡೂ ಅಗತ್ಯ. ಆದರೆ ಪ್ರಮಾಣಪತ್ರ ಬರೆದ ದಿನದ ಮರುದಿನದಿಂದ ಕಟ್ಟಳೆಯನ್ನು ಜೀವಂತವಾಗಿಡುವವರು ಅಲ್ಲಿ ಬಾಳುವವರೇ. ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಓದುಗರು ಒಮ್ಮೆ ಲಿಫ್ಟನ್ನು ಬಿಟ್ಟು, ಮಕ್ಕಳ ಕೈಹಿಡಿದು, ತಮ್ಮ ಮಹಡಿಯಿಂದ ನೆಲದವರೆಗೆ ಮೆಟ್ಟಿಲಿಳಿದು ನೋಡಲಿ. ದಾರಿಯಲ್ಲಿ ಕಾಲಿಗೆ ತೊಡರುವ ಪ್ರತಿಯೊಂದು ವಸ್ತುವನ್ನೂ ಅಂದೇ ತೆಗೆಸಲಿ. ಬಾವಿ ತೋಡಲು ಅದಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲ.